ಎದುರು ಮೇಳದ ಜವಾಬು

ತುಕ್ಕಿನ ಮೇಲೆ ಮಾತು ನಿಲ್ಲುತ್ತದೆ ಎಂದಾಗ ನಮ್ಮಪ್ಪ ನಂಬಲಿಲ್ಲ. ಕುಷ್ಟಗಿ ಕಡೆಯ ಕಲ್ಲಿನ ಕ್ವಾರಿಯಲ್ಲಿ ಜೀವಮಾನವಿಡೀ ಉಳಿ ಹಿಡಿದವನು ಅವನು. ಅವನ ಪಾಲಿಗೆ ತುಕ್ಕು ಎಂದರೆ ಉಳಿಗೆ ಬರುವ ರೋಗ.

"ಏನವಾ, ಇಷ್ಟ ಸಾಲಿ ಕಲ್ತು ಕಡೀಕ ತುಕ್ಕು ಕಾಯೂ ನೌಕರಿ ಸಿಕ್ತೇನು?" ಎಂದು ನಕ್ಕ.

"ತುಕ್ಕಲ್ಲಪ್ಪಾ, ತುಕ್ಕಿನ ಪುಡಿ ಹಚ್ಚಿದ ಪಟ್ಟಿ. ಅದರಾಗ ಹಾಡು ಇಡ್ತಾರ."

"ಇಡ್ಲಿ ಬಿಡು. ಪಗಾರ ತುಕ್ಕ ಹಿಡೀಲಾರದಂಗ ನೋಡ್ಕೋ."

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಗಂಗಾವತಿಯಲ್ಲಿ ದೊಡ್ಡವ್ವನ ಮನೆಯಲ್ಲಿದ್ದುಕೊಂಡು, ನಾಟಿಯ ಕಾಲಕ್ಕೆ ಗದ್ದೆಗೆ ಇಳಿದು, ಉಳಿದ ಕಾಲಕ್ಕೆ ಕಾಲೇಜಿಗೆ ಹೋಗಿ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದವಳು. ಪ್ರಯೋಗಶಾಲೆಗೆ ಹೋದಾಗ ಉಗುರಿನ ಸಂದಿಯಲ್ಲಿ ಕೆಸರು ಇರುತ್ತಿತ್ತು. ಮೇಷ್ಟರು ಒಮ್ಮೆ ಕೈ ತೊಳೆದುಕೊಂಡು ಬಾ ಎಂದರು. ತೊಳೆದುಕೊಂಡೇ ಬಂದಿದ್ದೆ.

ಕೊಪ್ಪಳ ಹೊಸ ಜಿಲ್ಲೆಯಾದ ಹೊತ್ತಿನಲ್ಲಿ ಅಲ್ಲೊಂದು ಧ್ವನಿ ಸಂಗ್ರಹ ಘಟಕ ಶುರುವಾಯಿತು. ಊರೂರಿನ ಹಾಡು, ಕಥೆ, ಆಟಗಳನ್ನು ಧ್ವನಿಮುದ್ರಿಸಿ ಕಾದಿಡುವುದು ಅದರ ಕೆಲಸ. ನಾನು ಅಲ್ಲಿ ಧ್ವನಿಮುದ್ರಕಿಯಾಗಿ ಸೇರಿ, ಅಲ್ಲೇ ನಿವೃತ್ತಳಾದೆ. ಈಗ ಆ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಅಂಗೈಯಗಲದ ಯಂತ್ರದಲ್ಲಿ ಇಡೀ ರಾತ್ರಿಯ ಆಟ ತುಂಬಿಕೊಂಡು ಬರುತ್ತಾರೆ. ಒಳ್ಳೆಯದೇ. ಆದರೆ ಕಪಾಟಿನಲ್ಲಿ ಇನ್ನೂ ಟೇಪುಗಳಿವೆ, ಅವನ್ನು ಎಂದಾದರೂ ಅವರೇ ಮುಟ್ಟಬೇಕು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಪಗಾರ, ಸನ್ಮಾನದ ಶಾಲು ಇವೆಲ್ಲ ನನ್ನ ಸೇವಾ ಪುಸ್ತಕದಲ್ಲಿ ಇದ್ದಲ್ಲೇ ಇರಲಿ.

ಮೊದಲು ಟೇಪು ಎಲ್ಲಿಂದ ಬಂತು ಎಂಬುದು. ತರಬೇತಿಗೆ ಬಂದವರಿಗೆಲ್ಲ ನಾನು ಇದನ್ನು ಹೇಳುತ್ತಿದ್ದೆ, ಹೇಳದಿದ್ದರೆ ಅವರು ಅದನ್ನು ಬರೀ ಪ್ಲಾಸ್ಟಿಕ್ ಪಟ್ಟಿ ಎಂದುಕೊಳ್ಳುತ್ತಾರೆ. ನೂರು ವರ್ಷಕ್ಕೂ ಹಿಂದೆ ಡೆನ್ಮಾರ್ಕ್ ದೇಶದಲ್ಲಿ ಟೆಲಿಫೋನಿನ ಕೆಲಸಗಾರನೊಬ್ಬ ಗೋಡೆಯಿಂದ ಗೋಡೆಗೆ ಉಕ್ಕಿನ ತಂತಿ ಬಿಗಿದು, ಅದರ ಗುಂಟ ಸಣ್ಣ ಗಾಲಿಯೊಂದನ್ನು ಓಡಿಸುತ್ತ ಮಾತಾಡಿದ. ಗಾಲಿಯ ಜೊತೆ ಒಂದು ವಿದ್ಯುತ್ ಅಯಸ್ಕಾಂತ ಇತ್ತು. ಮತ್ತೆ ಮೊದಲಿನಿಂದ ಓಡಿಸಿದಾಗ ಆ ಮಾತು ತಂತಿಯಿಂದ ವಾಪಸು ಬಂತು. ತಂತಿಯ ಕಾಲ ಆದಮೇಲೆ ಉಕ್ಕಿನ ಪಟ್ಟಿಯ ಕಾಲ. ಆ ಪಟ್ಟಿ ಕ್ಷೌರದ ಬ್ಲೇಡಿನಷ್ಟು ಹರಿತ, ಭಾರಿ ವೇಗದಲ್ಲಿ ಓಡುತ್ತಿತ್ತು. ಅದು ಹರಿದರೆ ಕೋಣೆಯಲ್ಲಿದ್ದವರ ಗತಿ ದೇವರಿಗೇ ಗೊತ್ತು. ಜೋಡಿಸಲು ಬೆಸುಗೆ ಹಾಕಬೇಕು. ಇದನ್ನು ಕೇಳಿ ನಮ್ಮಪ್ಪ, "ಅದು ಮಾತು ಇಡೂ ಮಷಿನ್ನಲ್ಲ, ಮಂದಿ ಕಡಿಯೂ ಮಷಿನ್ನು" ಎಂದಿದ್ದ.

ಆಮೇಲೆ ಜರ್ಮನಿಯಲ್ಲಿ ಒಬ್ಬ ಬಂದ. ಸಿಗರೇಟಿನ ಕಾಗದದ ತುದಿಗೆ ಬಂಗಾರದ ಬಣ್ಣದ ಪುಡಿ ಅಂಟಿಸುವ ವಿಧಾನ ಕಂಡುಹಿಡಿದವನು. ಬಣ್ಣದ ಪುಡಿ ಕಾಗದಕ್ಕೆ ಅಂಟಿದರೆ ಕಬ್ಬಿಣದ ಪುಡಿ ಯಾಕೆ ಅಂಟಬಾರದು ಎಂದು ಅವನ ತಲೆಗೆ ಹೊಳೆಯಿತು. ಹಾಗೆ ಟೇಪು ಹುಟ್ಟಿತು. ಕಾಗದದ್ದು, ಹರಿಯುತ್ತಿತ್ತು, ಆದರೆ ಗೋಂದು ಹಚ್ಚಿ ಕೂಡಿಸಬಹುದಿತ್ತು. ನಮ್ಮ ಕಸುಬಿನ ಅರ್ಧ ಭಾಗವೇ ಈ ಕತ್ತರಿಸಿ ಕೂಡಿಸುವುದು. ಕಾಗದದ ಬದಲು ಪ್ಲಾಸ್ಟಿಕ್ ಬಂದಮೇಲೂ ಹಿಂದೆ ಸುರ್‍ ಎಂಬ ಸದ್ದು ಇದ್ದೇ ಇತ್ತು. ಕಡೆಗೆ ಅಲ್ಲಿಯದೇ ಒಂದು ಯಂತ್ರ ಕೆಟ್ಟುಹೋಗಿ, ಮನುಷ್ಯರ ಕಿವಿಗೆ ಕೇಳದಷ್ಟು ಮೇಲಿನ ಸ್ವರದಲ್ಲಿ ತನ್ನಷ್ಟಕ್ಕೆ ಕಿರುಚತೊಡಗಿತಂತೆ. ಆ ಕೆಟ್ಟ ಯಂತ್ರದಲ್ಲಿ ಮುದ್ರಿಸಿದ್ದು ನೋಡಿದರೆ ಎಂದೂ ಇಲ್ಲದಷ್ಟು ಸ್ವಚ್ಛ. ರಿಪೇರಿ ಮಾಡುವ ಬದಲು ಅವರು ಆ ಕೇಡನ್ನೇ ಎಲ್ಲ ಯಂತ್ರಗಳಿಗೂ ಕೂಡಿಸಿದರು. ಎರಡನೇ ಮಹಾಯುದ್ಧ ಮುಗಿದಮೇಲೆ ಆ ವಿದ್ಯೆ ಲೋಕಕ್ಕೆಲ್ಲ ಹಬ್ಬಿತು. ಅದರ ಒಂದು ತುಣುಕು ಕೊಪ್ಪಳದ ನಮ್ಮ ಕಚೇರಿಗೂ ಬಂತು, ಹಳೆಯ ಜಿಲ್ಲಾ ಕೇಂದ್ರದಿಂದ ಜೀಪಿನಲ್ಲಿ, ಗೋಣಿಚೀಲದ ಮೇಲೆ ಕೂತು.

ಅದು ಸ್ಟುಡಿಯೋದಲ್ಲಿ ಇಡುವ ದೊಡ್ಡ ಸ್ಪೂಲ್ ಯಂತ್ರ. ಎರಡು ತಟ್ಟೆಯಗಲದ ಸುರುಳಿಗಳು, ನಡುವೆ ಟೇಪು ಉಜ್ಜಿಕೊಂಡು ಹೋಗುವ ಒಂದು ಹೊಳೆಯುವ ಲೋಹದ ತುಂಡು. ಅದಕ್ಕೆ ನಾವು ಹೆಡ್ ಎನ್ನುತ್ತೇವೆ, ಯಂತ್ರದ ಕಿವಿ ಮತ್ತು ಬಾಯಿ ಎರಡೂ ಅದೇ. ಜೊತೆಗೆ ಒಂದು ಟ್ರಂಕಿನ ತುಂಬ ಹಳೆಯ ಸ್ಪೂಲ್ ಟೇಪುಗಳು. ಹಿಂದಿನ ಕಾಲದ ಧ್ವನಿಮುದ್ರಕರೊಬ್ಬರು ಬಸ್ಸಿನ ಮೇಲೆ ಯಂತ್ರ ಕಟ್ಟಿಕೊಂಡು ಹಳ್ಳಿ ತಿರುಗಿ ಮಾಡಿದ್ದು. ಅವರು ತೀರಿಕೊಂಡಿದ್ದರು. ಅವರು ಒಯ್ಯುತ್ತಿದ್ದ ಸಣ್ಣ ಯಂತ್ರ ಏನಾಯಿತೋ ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಮೊದಲ ಮುಖ್ಯಸ್ಥರು ಮಾಲಿಪಾಟೀಲ ಸಾಹೇಬರು. ಕೆಟ್ಟವರಲ್ಲ, ಆದರೆ ಕಚೇರಿ ಎಂದರೆ ಶುಭ್ರವಾಗಿರಬೇಕು, ಕಪಾಟು ಎಂದರೆ ಅರ್ಧ ಖಾಲಿ ಇರಬೇಕು ಎನ್ನುವವರು. ಮೊದಲನೇ ವರ್ಷದ ಆಯುಧ ಪೂಜೆಗೆ ಅವರ ಅಪ್ಪಣೆಯ ಮೇರೆಗೆ ಜವಾನ ಯಂತ್ರದ ತಿರುಗುವ ಭಾಗಗಳಿಗೆಲ್ಲ ಕುಂಕುಮ ಹಚ್ಚಿದ. ಭಕ್ತಿ ಹೆಚ್ಚಾಗಿ ಹೆಡ್ಡಿಗೂ ಒಂದು ಬೊಟ್ಟು. ಮರುದಿನ ಯಾವ ಟೇಪು ಹಾಕಿದರೂ ಹಾಡುಗಾರರಿಗೆಲ್ಲ ನೆಗಡಿ. ಹತ್ತಿಗೆ ಸ್ಪಿರಿಟ್ ಹಚ್ಚಿ ನಾನು ಆ ಕುಂಕುಮ ಒರೆಸುತ್ತಿದ್ದಾಗ ಸಾಹೇಬರು ಬಾಗಿಲಲ್ಲಿ ನಿಂತು, "ದೇವರ ಬೊಟ್ಟು ಒರಸಬಾರದ್ರಿ" ಎಂದರು. "ಸರ, ದೇವ್ರಿಗೂ ಮೂಗು ಕಟ್ಟೇತ್ರಿ" ಎಂದೆ. ಮುಂದಿನ ವರ್ಷದಿಂದ ಯಂತ್ರದ ಮುಚ್ಚಳಕ್ಕೆ ಮಾತ್ರ ಪೂಜೆ.

ಗಂಗಾವತಿ ಕಡೆ ಬೇರೆ ತೊಂದರೆ. ಅಲ್ಲಿ ಅಕ್ಕಿ ಗಿರಣಿಗಳು ಶುರುವಾದವೆಂದರೆ ಕರೆಂಟು ಸೊರಗುತ್ತಿತ್ತು, ಹಳ್ಳಿಗೆ ಒಯ್ಯಲು ನಮಗೆ ಕೊಟ್ಟಿದ್ದ ಯಂತ್ರ ನಿಧಾನವಾಗುತ್ತಿತ್ತು. ನಿಧಾನಕ್ಕೆ ಮುದ್ರಿಸಿದ್ದನ್ನು ಕೊಪ್ಪಳದ ಸರಿಯಾದ ಕರೆಂಟಿನಲ್ಲಿ ಕೇಳಿದರೆ ಗಂಡಸಿನ ಧ್ವನಿ ಕೂಸಿನ ಧ್ವನಿ ಆಗಿರುತ್ತಿತ್ತು. ಸಾಣಾಪುರದ ಕಡೆಯ ಒಬ್ಬ ದಪ್ಪ ಮೀಸೆಯ ಹಾಡುಗಾರರು ತಮ್ಮ ಟೇಪು ಕೇಳಿ, "ಇದು ನಮ್ಮ ಮೊಮ್ಮಗಳು ಹಾಡ್ಯಾಳೇನ್ರಿ?" ಎಂದು ಕೇಳಿದ್ದರು. ಆಮೇಲೆ ನಾನು ಅಲ್ಲಿಯ ಗಿರಣಿ ನಡೆಸುವವರೊಬ್ಬರನ್ನು ಪರಿಚಯ ಮಾಡಿಕೊಂಡೆ. ಶುಕ್ರವಾರ ಮಧ್ಯಾಹ್ನ ನಮಾಜಿಗೆಂದು ಅವರು ಗಿರಣಿ ನಿಲ್ಲಿಸುತ್ತಿದ್ದರು. ಆ ಭಾಗದ ನಮ್ಮ ಒಳ್ಳೆಯ ಟೇಪುಗಳೆಲ್ಲ ಶುಕ್ರವಾರದವು.

ಇಂಥವು ಬೇಕಾದಷ್ಟಿವೆ. ಆದರೆ ಯಾರಾದರೂ ನನ್ನನ್ನು ಒಂದೇ ಒಂದು ಕೆಲಸ ಹೇಳು ಎಂದರೆ ನಾನು ಹೇಳುವುದು ಕಂಡಕ್ಟರ್ ಯಮನೂರಪ್ಪನ ಟೇಪಿನದು.

ಯಲಬುರ್ಗಾದ ಬಸ್ಸಿನಲ್ಲಿ ಅವನು ಕಂಡಕ್ಟರು. ಮಂಗಳೂರಿನ ಆಚೆ ಅವನ ಊರು, ಕರಾವಳಿಯ ಮಂಗಳೂರಲ್ಲ, ನಮ್ಮ ಜಿಲ್ಲೆಯದೇ ಹಳ್ಳಿ. ನಮ್ಮದು ಹಾಡು ಕಾದಿಡುವ ಕಚೇರಿ ಎಂದು ಹೇಗೋ ತಿಳಿದುಕೊಂಡು, ಒಂದು ದಿನ ಟಿಕೆಟ್ ಕೊಡುತ್ತ ಕೇಳಿದ.

"ಅಕ್ಕೋರ, ನಮ್ಮಪ್ಪನ ಪದ ನಿಮ್ಮಲ್ಲಿ ಐತೇನ್ರಿ? ನಾ ಸಣ್ಣಾಂವಿದ್ದಾಗ ಒಬ್ರು ಮಷಿನ್ ತಂದು ಹಿಡಕೊಂಡು ಹೋಗ್ಯಾರ. ಭೀಮಪ್ಪ ಅಂತ, ಕೆಳಗಿನ ಓಣ್ಯಾಂವ."

ಅವರ ಊರಿನ ಸಂಪ್ರದಾಯ ಅವನಿಂದಲೇ ತಿಳಿಯಿತು. ಮೊಹರಂ ಹಬ್ಬಕ್ಕೆ ಮಸೂತಿಯ ಮುಂದಿನ ಅಲಾವಿ ಕುಣಿಯ ಸುತ್ತ, ಅಂದರೆ ಬೆಂಕಿಯ ಗುಂಡಿಯ ಸುತ್ತ, ಎರಡು ಮೇಳಗಳು ಹೆಜ್ಜೆ ಹಾಕುತ್ತ ಪದ ಹಾಡುವುದು. ಹೊಳೆಯ ದಂಡೆಯಲ್ಲೇ ಹನಿ ನೀರು ಸಿಗದೆ ಯುದ್ಧದಲ್ಲಿ ಮಡಿದವರ ಕಥೆ ಆ ಪದಗಳದು. ಮ್ಯಾಗಿನ ಓಣಿಯ ಮೇಳ ಸವಾಲು ಹಾಕಬೇಕು, ಕೆಳಗಿನ ಓಣಿಯ ಮೇಳ ಜವಾಬು ಕೊಡಬೇಕು. ಒಬ್ಬರ ಪದವನ್ನು ಇನ್ನೊಬ್ಬರು ಬಾಯಲ್ಲಿ ಹಾಕಿಕೊಳ್ಳುವಂತಿಲ್ಲ. ಎದುರು ನಿಲ್ಲುವವರಿಲ್ಲದೆ ಸವಾಲು ಹಾಕುವಂತೆಯೂ ಇಲ್ಲ. ಎರಡೂ ಓಣಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಇದ್ದರು. ಭೀಮಪ್ಪ ತೀರಿಕೊಂಡ ಮೇಲೆ ಕೆಳಗಿನ ಓಣಿಯಲ್ಲಿ ಜವಾಬು ಬಲ್ಲವರು ಉಳಿಯಲಿಲ್ಲ. ಜವಾಬು ನಿಂತದ್ದಕ್ಕೆ ಸವಾಲೂ ನಿಂತಿತು. ಆಗಿನಿಂದ ಹಬ್ಬಕ್ಕೆ ಧ್ವನಿವರ್ಧಕ ಕಟ್ಟಿ ಪ್ಯಾಟಿಯಿಂದ ತಂದ ಕ್ಯಾಸೆಟ್ಟು ಹಾಕುತ್ತಿದ್ದರು.

"ನಾ ಓದಾಕಂತ ಹಾಸ್ಟೇಲಿನ್ಯಾಗಿದ್ದೆ. ಅಪ್ಪ ಕಲಸ್ತೀನಿ ಬಾ ಅಂದಾಗ ಪರೀಕ್ಷಿ ಐತಿ ಅಂದೆ" ಎಂದು ಯಮನೂರಪ್ಪ ಹೇಳಿದ. ಆಮೇಲೆ ನಾನು ಆ ಬಸ್ಸು ಹತ್ತಿದಾಗಲೆಲ್ಲ ಚಿಲ್ಲರೆಗಿಂತ ಮೊದಲು ಅವನ ಪ್ರಶ್ನೆ: "ನಮ್ಮಪ್ಪ ಸಿಕ್ಕನೇನ್ರಿ?" ಬಸ್ಸಿನ ಮಂದಿ ನನ್ನನ್ನು ಪೊಲೀಸ್ ಇಲಾಖೆಯವಳು ಎಂದುಕೊಂಡಿದ್ದರು.

ಟ್ರಂಕಿನಲ್ಲಿ ಹುಡುಕಿದೆ. ಅವನ ಊರಿನ ಹೆಸರಿದ್ದ ಒಂದೇ ಒಂದು ಸ್ಪೂಲು ಸಿಕ್ಕಿತು. ಯಂತ್ರಕ್ಕೆ ಹಾಕಿದೆ. ಕೇಳಿಸಿದ್ದು ಹಾಡಲ್ಲ, ಸಂತೆಯ ಗದ್ದಲವೂ ಅಲ್ಲ. ಒಬ್ಬ ಹಾಡುತ್ತಿದ್ದಾನೆ, ಅವನ ಮೇಲೆಯೇ ಇನ್ನೊಬ್ಬ ಏನೋ ಬಡಬಡಿಸುತ್ತಿದ್ದಾನೆ. ಒಂದು ಸಾಲೂ ತಿಳಿಯುವುದಿಲ್ಲ. ನಮಗಿಂತ ಮುಂಚಿನವರು ಯಾರೋ ಡಬ್ಬಿಯ ಮೇಲೆ 'ಹಾಳು' ಎಂದು ಬರೆದಿದ್ದರು. ಅದೇ ಪೆಟ್ಟಿಗೆಯ ಇನ್ನೂ ಎಷ್ಟೋ ಸ್ಪೂಲುಗಳು ಹೀಗೇ ಇದ್ದವು.

ಅದೇ ಹೊತ್ತಿಗೆ ಸಾಹೇಬರು ಕಪಾಟು ಖಾಲಿ ಮಾಡುವ ಹುರುಪಿನಲ್ಲಿದ್ದರು. ಹೊಸ ಟೇಪಿನ ಸರಬರಾಜು ನಿಂತುಹೋಗಿತ್ತು. ಹಾಳಾದ ಟೇಪುಗಳನ್ನು ಅಳಿಸಿ ಮತ್ತೆ ಬಳಸುವುದು ಅವರ ಲೆಕ್ಕ. ಅಳಿಸುವ ಯಂತ್ರ ಎಂದರೆ ದೊಡ್ಡ ಅಯಸ್ಕಾಂತ. ಅದರ ಮೇಲೆ ಸ್ಪೂಲನ್ನು ನಾಲ್ಕು ಸುತ್ತು ತಿರುಗಿಸಿದರೆ ಮುಗಿಯಿತು, ಮತ್ತೆ ಯಾವ ವಿದ್ಯೆಯಿಂದಲೂ ಅದರ ಮಾತು ವಾಪಸು ಬರುವುದಿಲ್ಲ.

"ಸರ, ಇದೊಂದು ಇರ್ಲಿ" ಎಂದೆ.

"ಕೇಳಾಕ ಬರಲಾರದ್ದು ಇಟ್ಕೊಂಡು ಏನು ಮಾಡ್ತೀರಿ, ಪೂಜಿ ಮಾಡ್ತೀರೇನು?"

"ನೀವs ಅಲ್ಲೇನ್ರಿ ಸರ ಮಷಿನ್ನಿಗಿ ಪೂಜಿ ಮಾಡ್ಸಿದವ್ರು?"

ಅವರು ನಗಲಿಲ್ಲ. "ಬರೂ ಅಮಾಸಿತನಾ ಇಟ್ಕೋರಿ. ಅಷ್ಟರಾಗ ಹಾಡು ಬಂದ್ರ ಸೈ. ಇಲ್ಲಂದ್ರ ನಾನs ಅಳಸ್ತೀನಿ." ಆ ಅಮಾವಾಸ್ಯೆಯ ಮರುದಿನ ಚಂದ್ರ ಕಂಡರೆ ಮೊಹರಂ ಶುರು.

ಯಮನೂರಪ್ಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ರಜೆ ಹಾಕಿ ಕಚೇರಿಗೆ ಬಂದ. ಜೊತೆಗೆ ಮ್ಯಾಗಿನ ಓಣಿಯ ಖಾಸಿಂಸಾಬರನ್ನು ಕರೆತಂದಿದ್ದ. ಭೀಮಪ್ಪನ ಎದುರು ಜೀವಮಾನವಿಡೀ ಸವಾಲು ಹಾಕಿದ ಮುದುಕರು ಅವರು. ಬಿಳಿ ಟೋಪಿ, ಮೊಳಕಾಲಿನ ಮೇಲೆ ಕೈ, ಕಣ್ಣು ಮಂಜಾಗಿದ್ದರೂ ಕಿವಿ ಚುರುಕು.

ಟೇಪು ಹಾಕಿದೆ. ಯಮನೂರಪ್ಪನ ಮುಖ ಇಳಿಯಿತು. ಖಾಸಿಂಸಾಬರು ತಲೆ ಓರೆ ಮಾಡಿ ಕೇಳಿದರು.

"ಇದರಾಗ ನಾ ಅದೀನಿ. ಛಲೋ ಕೇಳ್ತೀನಿ, ವಯಸ್ಸಿನ್ಯಾಗಿನ ದನಿ" ಎಂದರು. ಇನ್ನಷ್ಟು ಕಿವಿಗೊಟ್ಟು, "ಅವನೂ ಅದಾನ. ದನಿ ಅವಂದು ಹೌದು, ಮಾತು ಅವಂದಲ್ಲ" ಎಂದರು.

"ಹಂಗಂದ್ರೇನು ಮಾವ?" ಎಂದ ಯಮನೂರಪ್ಪ.

"ಏನಂತ ಹೇಳ್ಲಿ, ಉಲ್ಟಾ ಮಾತಾಡಾಕ ಹತ್ಯಾನ. ಬದುಕಿದ್ದಾಗನೂ ನಿಮ್ಮಪ್ಪ ಹಿಂಗs." ಆಮೇಲೆ ನನ್ನ ಕಡೆ ತಿರುಗಿ ಸಿಟ್ಟಿನಿಂದ, "ಆದ್ರ ಅಕ್ಕೋರ, ಇದು ಸುಳ್ಳು ಐತಿ. ನಾವಿಬ್ರೂ ಒಮ್ಮಿನೂ ಕೂಡಿ ಹಾಡಿಲ್ಲ. ಅವ ಹಾಡೂ ಮುಂದ ನಾ ಬಾಯಿ ಬಿಟ್ಟಿಲ್ಲ, ನಾ ಹಾಡೂ ಮುಂದ ಅವ ಬಾಯಿ ಬಿಟ್ಟಿಲ್ಲ. ಅಲಾವಿ ಮುಂದ ಹಂಗ ಮಾಡಿದ್ರ ಮಂದಿ ಹೊಡೀತಿದ್ರು. ಈ ಮಷಿನ್ನು ನಮ್ಮ ಮರ್ಯಾದಿ ಕಳೀತೈತಿ" ಎಂದರು.

ಆ ಮಾತು ನನ್ನ ತಲೆಯಲ್ಲಿ ಗಿರಕಿ ಹೊಡೆಯಿತು. ಕೂಡಿ ಹಾಡದವರು ಟೇಪಿನಲ್ಲಿ ಕೂಡಿದ್ದಾದರೂ ಹೇಗೆ? ಯಂತ್ರವೇ ಕೂಡಿಸಿರಬೇಕು. ಸ್ಪೂಲನ್ನು ತೆಗೆದು ಮಗುಚಿ ಹಾಕಿ ಮತ್ತೆ ಓಡಿಸಿದೆ. ಈಗ ಖಾಸಿಂಸಾಬರು ಬಡಬಡಿಸುತ್ತಿದ್ದರು, ಇನ್ನೊಬ್ಬನ ಸಾಲುಗಳು ಅಲ್ಲೊಂದು ಇಲ್ಲೊಂದು ನೆಟ್ಟಗೆ ಕೇಳಿಸುತ್ತಿದ್ದವು. ಯಮನೂರಪ್ಪ ಕುರ್ಚಿಯಿಂದ ಎದ್ದುಬಿಟ್ಟ. "ಅಪ್ಪನs ರೀ!"

ಆಗಿದ್ದು ಇಷ್ಟು. ಹಳ್ಳಿಗೆ ಒಯ್ಯುತ್ತಿದ್ದ ಸಣ್ಣ ಯಂತ್ರದ ಹೆಡ್ಡು ಟೇಪಿನ ಅರ್ಧ ಅಗಲಕ್ಕೆ ಮಾತ್ರ ಬರೆಯುತ್ತಿತ್ತು. ಮೇಲಿನ ಅರ್ಧ ತುಂಬಿದ ಮೇಲೆ ಸ್ಪೂಲು ಮಗುಚಿದರೆ ಕೆಳಗಿನ ಅರ್ಧ ಖಾಲಿ ಸಿಗುತ್ತಿತ್ತು. ಟೇಪು ಉಳಿಸಲು ಆ ಧ್ವನಿಮುದ್ರಕರು ಹಾಗೇ ಮಾಡಿದ್ದರು. ಹಬ್ಬದ ಮುಂಚಿನ ತಾಲೀಮಿನಲ್ಲಿ ಮ್ಯಾಗಿನ ಓಣಿಗೆ ಹೋಗಿ ಸವಾಲುಗಳನ್ನು ಒಂದು ಅರ್ಧಕ್ಕೆ, ಕೆಳಗಿನ ಓಣಿಗೆ ಹೋಗಿ ಜವಾಬುಗಳನ್ನು ಇನ್ನೊಂದು ಅರ್ಧಕ್ಕೆ ಮುದ್ರಿಸಿದ್ದರು. ನಮ್ಮ ದೊಡ್ಡ ಯಂತ್ರದ ಹೆಡ್ಡು ಟೇಪಿನ ಪೂರ್ತಿ ಅಗಲವನ್ನು ಒಟ್ಟಿಗೆ ಓದುತ್ತಿತ್ತು. ಅದಕ್ಕೇ ಒಬ್ಬ ನೆಟ್ಟಗೆ, ಇನ್ನೊಬ್ಬ ಹಿಂದುಮುಂದಾಗಿ. ಟೇಪು ಹಾಳಾಗಿರಲಿಲ್ಲ. ಓದುವ ಕಿವಿ ದೊಡ್ಡದಾಗಿತ್ತು, ಅಷ್ಟೆ.

ಅರ್ಧ ಅಗಲದ ಹೆಡ್ಡು ತರಿಸಲು ಬರೆದರೆ ವರ್ಷ ಬೇಕು. ಅಮಾವಾಸ್ಯೆ ಹತ್ತಿರ ಬಂದಿತ್ತು. ಮನೆಮನೆಯಲ್ಲೂ ಇದ್ದ ಕ್ಯಾಸೆಟ್ ಟೇಪ್‌ರೆಕಾರ್ಡರಿನ ನೆನಪಾಯಿತು. ಅದರ ಪಟ್ಟಿ ಸಣ್ಣದು, ಹೆಡ್ಡು ಓದುವ ಅಗಲ ಇನ್ನೂ ಸಣ್ಣದು. ಅದನ್ನು ನಮ್ಮ ಯಂತ್ರಕ್ಕೆ ಕೂಡಿಸಿ, ಎತ್ತರ ಸರಿಯಾಗಿಟ್ಟರೆ ಟೇಪಿನ ಒಂದು ಅರ್ಧವನ್ನಷ್ಟೇ ಓದಬಹುದು. ಕಾಗದದ ಮೇಲೆ ಚಿತ್ರ ಬರೆದುಕೊಂಡು ಭಾಗ್ಯನಗರಕ್ಕೆ ಹೋದೆ.

ಅಲ್ಲಿ ವಿಠ್ಠೂಸಾ ಎಂಬವರ ರೇಡಿಯೋ ರಿಪೇರಿ ಅಂಗಡಿ. ಪಕ್ಕದಲ್ಲಿ ಕೂದಲಿನ ವ್ಯಾಪಾರದವರ ಶೆಡ್ಡು, ಹೆಂಗಸರು ಸಾಲಾಗಿ ಕೂತು ಗಂಟುಗಂಟಾದ ಕೂದಲು ಬಿಡಿಸುತ್ತಿದ್ದರು. ಚಿತ್ರ ನೋಡಿ ವಿಠ್ಠೂಸಾ ಕನ್ನಡಕ ಮೇಲಕ್ಕೇರಿಸಿದರು.

"ಮೇಡಮ್ಮರ, ಆಡಿನ ಮೂತಿ ಎತ್ತಿಗಿ ಕೂಡಸಂತೀರಿ."

"ಎತ್ತು ಆಡಿನಂಗ ಒದರಬಾರದು, ಅಷ್ಟs ನೋಡ್ರಿ."

ಅವರು ಹಳೆಯ ಕ್ಯಾಸೆಟ್ ಯಂತ್ರದಿಂದ ಹೆಡ್ಡು ಬಿಚ್ಚಿ, ತಗಡಿನ ತುಂಡು ಬಗ್ಗಿಸಿ, ಅದಕ್ಕೊಂದು ತಿರುಗಿಸುವ ಸ್ಕ್ರೂ ಕೂಡಿಸಿ ನಮ್ಮ ಕಚೇರಿಗೆ ಬಂದರು. ಮೊದಲ ಸಲ ಓಡಿಸಿದಾಗ ಪಿಸುಗುಟ್ಟುವುದು ಬಿಟ್ಟರೆ ಏನೂ ಇಲ್ಲ. ಎರಡನೇ ಸಲ ಒಂದೇ ಸಮ ಟರ್ರ್ ಎಂದಿತು. ಬೆಸುಗೆ ಸರಿಯಿಲ್ಲವೇನೋ ಎಂದು ಎಲ್ಲ ಬಿಚ್ಚಿ ನೋಡಿದರೆ ಹೆಡ್ಡಿಗೂ ಟೇಪಿಗೂ ನಡುವೆ ಉದ್ದನೆಯ ಒಂದು ಕೂದಲು. ಪಕ್ಕದ ಶೆಡ್ಡಿನಿಂದ ವಿಠ್ಠೂಸಾ ಅವರ ಅಂಗಿಗೆ ಅಂಟಿಕೊಂಡು ಬಂದದ್ದು. "ಯಾರ ಜಡಿನೋ ಏನೋ, ಪದ ಕೇಳಾಕ ಬಂದೈತಿ" ಎಂದು ಅವರು ಅದನ್ನು ಬೆರಳಿಗೆ ಸುತ್ತಿ ತೆಗೆದರು.

ನಾನು ಸ್ಕ್ರೂ ತಿರುಗಿಸುತ್ತ ಹೋದೆ. ಖಾಸಿಂಸಾಬರ ಬಡಬಡಿಕೆ ಸಣ್ಣದಾಯಿತು, ದೂರವಾಯಿತು, ಇಲ್ಲವಾಯಿತು. ಉಳಿದದ್ದು ಒಂದೇ ದನಿ. ಬಾವಿಯ ತಳದಿಂದ ಬಂದಂತೆ ಸಣ್ಣಗೆ, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿ. ಸಾಹೇಬರು ಒಳಗೆ ಬಂದು ಯಂತ್ರದ ಹತ್ತಿರ ಬಗ್ಗಿ ಕೇಳಿದರು. ಬಹಳ ಹೊತ್ತು ಕೇಳಿದರು. ಆಮೇಲೆ ತಾವೇ ಹೋಗಿ ಅಳಿಸುವ ಯಂತ್ರದ ಪ್ಲಗ್ಗು ಕಿತ್ತು, ವೈರು ಸುತ್ತಿ ಜವಾನನ ಕೈಗೆ ಕೊಟ್ಟರು. "ಇದನ್ನ ಮ್ಯಾಲೆ ಅಟ್ಟದಾಗ ಒಗಿ" ಎಂದರು. ಟ್ರಂಕಿನಲ್ಲಿ 'ಹಾಳು' ಎಂದಿದ್ದ ಉಳಿದ ಸ್ಪೂಲುಗಳೂ ಆ ದಿನವೇ ಬದುಕಿಕೊಂಡವು.

ನಾನು ಜವಾಬುಗಳನ್ನು ಕ್ಯಾಸೆಟ್ಟಿಗೆ ಇಳಿಸಿ ಯಮನೂರಪ್ಪನಿಗೆ ಕೊಡಲು ಹೋದೆ. ಅವನು ತೆಗೆದುಕೊಳ್ಳಲಿಲ್ಲ. "ನನಗೊಬ್ಬಗs ಕೊಡಬ್ಯಾಡ್ರಿ. ಊರಿಗೆ ಬರ್ರಿ. ಮಾವನ ಮುಂದ ಹಾಕೂನು" ಎಂದ.

ಮೊಹರಂ ತಿಂಗಳು ಹುಟ್ಟಿದ ಮೇಲೆ ಒಂದು ಮುಂಜಾನೆ ನಾನು ಕ್ಯಾಸೆಟ್ ಹಾಕುವ ಒಂದು ಯಂತ್ರ, ಹೊಸದಾಗಿ ಧ್ವನಿಮುದ್ರಿಸುವ ಇನ್ನೊಂದು ಯಂತ್ರ ಎರಡನ್ನೂ ಹಿಡಿದು ಅವನ ಊರಿಗೆ ಹೋದೆ. ಮಸೂತಿಯ ಮುಂದೆ ಅಲಾವಿ ಕುಣಿ ಆಗಲೇ ತೋಡಿದ್ದರು. ಎರಡೂ ಓಣಿಯ ಮಂದಿ ನೆರೆದಿದ್ದರು. ಖಾಸಿಂಸಾಬರು ಕುಣಿಯ ಒಂದು ಕಡೆ ನಿಂತರು. ಅವರೆದುರು, ಕೆಳಗಿನ ಓಣಿಯವರು ನಿಲ್ಲುವ ಜಾಗದಲ್ಲಿ, ಒಂದು ಸ್ಟೂಲಿನ ಮೇಲೆ ನನ್ನ ಯಂತ್ರ. ಪಕ್ಕದಲ್ಲಿ ಯಮನೂರಪ್ಪ.

ನಾನು ಗುಂಡಿ ಒತ್ತಲು ಹೋದೆ. ಖಾಸಿಂಸಾಬರು ಕೈ ಎತ್ತಿದರು.

"ತಡೀರಿ ಅಕ್ಕೋರ. ಸವಾಲು ಕೇಳಲಾರದs ಜವಾಬು ಕೊಡಾಕ ಅವನೇನು ಹುಚ್ಚನೇನು? ಮೊದಲ ನಾ ಹಾಕ್ತೀನಿ. ಆಮ್ಯಾಗ ನೀವು ಹಾಕ್ರಿ."

ಅವರು ಒಂದು ಹೆಜ್ಜೆ ಮುಂದಿಟ್ಟು, ಒಂದು ಹಿಂದಿಟ್ಟು, ಒಡೆದ ದನಿಯಲ್ಲಿ ಹಾಡಿದರು: "ನೀರಿನ ದಂಡೀಲಿ ನೀರಡಿಸಿ ಕುಂತವರು ಯಾರೋ, ಕೆಳಗಿನ ಓಣಿ ಜಾಣಾ."

ನಾನು ಗುಂಡಿ ಒತ್ತಿದೆ. ಭೀಮಪ್ಪನ ದನಿ ಬಂತು: "ನೀರಿನ ದಂಡೀಲಿ ನೀರಡಿಸಿ ಕುಂತಾವ ಎಳೆಕೂಸೋ, ಮ್ಯಾಗಿನ ಓಣಿ ಜಾಣಾ. ಕೇಳಿ ಕೇಳಿ ನಿನ್ನ ಗಂಟಲು ಆರಿದ್ರ ಕುಡಿಯೋ ಒಂದು ಚರಿಗಿ."

ಮಂದಿ ಹೋ ಎಂದು ನಕ್ಕರು. ಖಾಸಿಂಸಾಬರೂ ನಕ್ಕು, "ಸತ್ರೂ ಕುಂದು ತಗೀಯೂದು ಬಿಟ್ಟಿಲ್ಲ ನೋಡ್ರಿ ಹಲ್ಕಾ" ಎಂದು, ನಿಜವಾಗಿಯೇ ನೀರು ತರಿಸಿ ಕುಡಿದರು.

ಹೀಗೇ ನಡೆಯಿತು. ಅವರು ಹಾಡುವುದು, ನಾನು ಒತ್ತುವುದು, ತಡೆಯುವುದು. ಕೆಳಗಿನ ಓಣಿಯ ಹೆಂಗಸರು ಗೋಡೆಯ ನೆರಳಿನಲ್ಲಿ ನಿಂತು ಬಾಯಿಗೆ ಸೆರಗು ಹಿಡಿದು ಕೇಳುತ್ತಿದ್ದರು. ಕಡೆಯ ಸವಾಲು ಬಂತು. ಆ ಯುದ್ಧದಿಂದ ಬರಿದಾಗಿ ಮರಳಿದ ಕುದುರೆಯದು: "ಸವಾರ ಇಲ್ಲದ ಕುದರಿ ಬಂತೋ, ಬಾಗಲ ತೆರೆದವರು ಯಾರೋ."

ಗುಂಡಿ ಒತ್ತಿದೆ. "ಬಾಗಲ ತೆರೆದಾಳ ಸಣ್ಣ ಮಗಳೋ, ತೆರೆದು ಕೇಳ್ಯಾಳ" ಎಂಬಲ್ಲಿಗೆ ದನಿ ನಿಂತಿತು. ಸ್ಪೂಲು ಅಲ್ಲಿಗೇ ಮುಗಿದಿತ್ತು. ಜವಾಬು ಯಾವಾಗಲೂ ಸವಾಲಿಗಿಂತ ಉದ್ದ. ಸವಾಲುಗಳು ಒಂದು ಅರ್ಧದಲ್ಲಿ ಹಿಡಿಸಿದ್ದವು, ಜವಾಬುಗಳು ಇನ್ನೊಂದು ಅರ್ಧದಲ್ಲಿ ಹಿಡಿಸಿರಲಿಲ್ಲ.

"ಮುಂದ?" ಎಂದ ಯಮನೂರಪ್ಪ.

"ಮುಂದ ಇಲ್ಲಪಾ, ಟೇಪ್ ತೀರಿತು" ಎಂದೆ.

ಅವನು ಕುಣಿಯ ಆಚೆ ನೋಡಿದ. "ಮಾವ, ನಿನಗ ಗೊತ್ತೈತಿ. ಇಷ್ಟು ವರ್ಷ ಕೇಳಿದಾಂವ ನೀನs. ಹೇಳು."

ಖಾಸಿಂಸಾಬರು ತಲೆ ಅಲ್ಲಾಡಿಸಿದರು. "ಗೊತ್ತೈತಿ. ಹೇಳಾಕ ಬರೂದಿಲ್ಲ. ಅದು ನಮ್ಮ ಬಾಯಾಗಿನ ಪದ ಅಲ್ಲ."

"ಹಂಗಾದ್ರ ಅದು ನಿನ್ನ ಕೂಡ ಹೋಗ್ತೈತಿ."

ಯಾರೋ ಹಿಂದಿನಿಂದ "ಕಾಕಾ, ಒಮ್ಮೆ ಹೇಳಿಬಿಡ್ರಿ, ದೇವ್ರು ತಪ್ಪು ಹಿಡಿಯೂದಿಲ್ಲ" ಎಂದರು. ಖಾಸಿಂಸಾಬರು ಅವರ ಕಡೆ ನೋಡಲೂ ಇಲ್ಲ. ಆಮೇಲೆ ಯಮನೂರಪ್ಪನಿಗೆ ಹೇಳಿದರು:

"ಆ ಸ್ಟೂಲ್ ಸರಸು. ಅಲ್ಲಿ ನೀ ನಿಂದ್ರು. ನಿಮ್ಮಪ್ಪ ಏನಂದಿದ್ದ ನೆನಸಿಕೊಂಡು ನೀನs ಹಾಡು. ನಾ ಹೇಳೂದಿಲ್ಲ. ತಪ್ಪಿದ್ರ ಕೆಮ್ತೀನಿ."

ಯಮನೂರಪ್ಪ ಸ್ಟೂಲು ಸರಿಸಿದ. ನಾನು ಧ್ವನಿಮುದ್ರಿಸುವ ಯಂತ್ರ ಓಡಲು ಬಿಟ್ಟೆ. ಖಾಸಿಂಸಾಬರು ಸವಾಲನ್ನು ಮತ್ತೆ ಹಾಡಿದರು. ಬಸ್ಸಿನಲ್ಲಿ ಅಷ್ಟು ದೊಡ್ಡ ದನಿ ತೆಗೆಯುವ ಕಂಡಕ್ಟರು ಸಣ್ಣ ದನಿಯಲ್ಲಿ ಶುರು ಮಾಡಿದ.

"ಬಾಗಲ ತೆರೆದಾಳ ಸಣ್ಣ ಮಗಳೋ, ತೆರೆದು ಕೇಳ್ಯಾಳ ಅಪ್ಪ ಎಲ್ಲಿ ಬಿದ್ದನೋ."

ಖಾಸಿಂಸಾಬರು ಕೆಮ್ಮಿದರು.

"ತೆರೆದು ಕೇಳ್ಯಾಳ ಅಪ್ಪನ ಕತ್ತಿ ಎಲ್ಲಿ ಹೋತೋ."

ಮತ್ತೆ ಕೆಮ್ಮು, ಈ ಸಲ ಜೋರಾಗಿ. ಯಮನೂರಪ್ಪ ಕಣ್ಣು ಮುಚ್ಚಿಕೊಂಡ. ಅವನ ಪಾದ ತನ್ನಷ್ಟಕ್ಕೆ ಒಂದು ಹೆಜ್ಜೆ ಹಿಂದೆ ಹೋಗಿ ಮುಂದೆ ಬಂತು. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ಆ ಹೆಜ್ಜೆಯ ಕುಲುಕಾಟ ಉಂಡಿದ್ದನಂತೆ, ಆಮೇಲೆ ಹೇಳಿದ.

"ತೆರೆದು ಕೇಳ್ಯಾಳ ಅಪ್ಪಗ ಯಾರರ ನೀರು ಕೊಟ್ಟರೇನೋ."

ಕೆಮ್ಮು ಬರಲಿಲ್ಲ. ಖಾಸಿಂಸಾಬರ ಕಾಲೂ ಹೆಜ್ಜೆಗೆ ಬಿದ್ದಿತ್ತು. ಕೆಳಗಿನ ಓಣಿಯ ಇಬ್ಬರು ಮೂವರು ಬಂದು ಯಮನೂರಪ್ಪನ ಹಿಂದೆ ನಿಂತರು, ಆ ಸಾಲನ್ನು ಎತ್ತಿಕೊಂಡರು. ಹೀಗೆ ಸಾಲು ಸಾಲಾಗಿ, ಕೆಮ್ಮಿದಲ್ಲಿ ತಿದ್ದುತ್ತ, ಕೆಮ್ಮದಿದ್ದಲ್ಲಿ ಮುಂದುವರಿಯುತ್ತ, ಪದ ಮುಗಿಯಿತು. ಖಾಸಿಂಸಾಬರು ಟೋಪಿ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

"ಮುಂದಿನ ವರ್ಷ ನಿಮ್ಮ ಮಷಿನ್ ತರಬ್ಯಾಡ್ರಿ ಅಕ್ಕೋರ. ನೀವು ಬರ್ರಿ, ಉಂಡು ಹೋಗ್ರಿ."

ಹೋದೆ, ಉಂಡು ಬಂದೆ. ಖಾಸಿಂಸಾಬರು ಆಮೇಲೆ ಇನ್ನೂ ಕೆಲವು ಹಬ್ಬ ಸವಾಲು ಹಾಕಿದರು. ಈಗ ಅವರ ಮೊಮ್ಮಗಳ ಗಂಡ ಹಾಕುತ್ತಾನೆ. ಯಮನೂರಪ್ಪ ಜವಾಬು ಕೊಡುತ್ತಾನೆ.

ಆ ಮುಂಜಾನೆಯ ಕ್ಯಾಸೆಟ್ಟು ನಮ್ಮ ಘಟಕದ ಕಪಾಟಿನಲ್ಲಿದೆ. ಹಳೆಯ ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಸ್ವಚ್ಛ ಮಾಡುವ ಕೆಲಸ ಈಗ ನಡೆದಿದೆ ಎಂದು ಕೇಳಿದ್ದೇನೆ. ಬೇಡದ ಸದ್ದನ್ನು ಯಂತ್ರವೇ ಹುಡುಕಿ ತೆಗೆಯುತ್ತದಂತೆ. ತೆಗೆಯಲಿ. ಗಾಳಿಯ ಸದ್ದು, ನಾಯಿಯ ಬೊಗಳು, ನನ್ನ ಬಳೆಯ ಸದ್ದು ಎಲ್ಲ ತೆಗೆಯಿರಿ. ಆದರೆ ಕಡೆಯ ಪದದಲ್ಲಿ ಒಬ್ಬ ಮುದುಕರು ನಡುನಡುವೆ ಕೆಮ್ಮುತ್ತಾರೆ. ಅದಕ್ಕೆ ಕೈ ಹಚ್ಚಬೇಡಿ. ಆ ಪದವನ್ನು ಅವರು ಹೇಳಿಕೊಟ್ಟದ್ದು ಹಾಗೆ.